ಬಾದಾಮಿ ಮೇಣಬಸದಿಗೆ ತಂಡ ಕರೆದೊಯ್ಯುವವರಿಗೆ: ಗುಹಾ ದೇವಾಲಯವನ್ನು ತೋರಿಸುವ ಕ್ರಮ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಶಾಲೆಗಳು, ಮಹಿಳಾ ಮಂಡಳಗಳು, ನಿವೃತ್ತ ನೌಕರರ ಸಂಘಗಳು ಬಾದಾಮಿಗೆ ಪ್ರವಾಸ ಹೊರಡುವುದು ನಮ್ಮ ಭಾಗದಲ್ಲಿ ಬಹಳ ಕಾಲದಿಂದ ನಡೆದುಬಂದ ರೂಢಿ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಹಾದು ಹೋದರೆ 100 ಕಿಲೋಮೀಟರಿಗೆ ತುಸು ಹೆಚ್ಚಾಗುತ್ತದೆ. ಗದಗದಿಂದ ರೋಣದ ಮೇಲೆ ಹೋದರೆ ಸುಮಾರು 70 ಕಿಲೋಮೀಟರ್. ಊರು ಹತ್ತಿರವಿದೆ ಎಂಬ ಕಾರಣಕ್ಕೇ ಒಂದು ದಿನದಲ್ಲಿ ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನೆಲ್ಲ ಮುಗಿಸಿ, ಹೊತ್ತು ಉಳಿದರೆ ಕೂಡಲಸಂಗಮಕ್ಕೂ ಹೋಗಿ ಬರುವ ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ಮೇಣಬಸದಿ ಎಂದು ಕರೆಯುವ ಬಾದಾಮಿಯ ನಾಲ್ಕು ಗುಹಾ ದೇವಾಲಯಗಳ ಪಾಲಿಗೆ ಬರುವುದು ಅರ್ಧ ತಾಸು. ಅಷ್ಟರಲ್ಲಿ ಮೆಟ್ಟಿಲು ಹತ್ತಿ, ಗುಂಪಿನ ಫೋಟೋ ತೆಗೆಸಿ ಇಳಿಯಬಹುದು; ಗುಹೆಯನ್ನು ನೋಡಲಾಗುವುದಿಲ್ಲ.

ಇಂತಹ ತಂಡಗಳನ್ನು ಕರೆದುಕೊಂಡು ಹೋಗುವ ಶಿಕ್ಷಕರಿಗೆ ಮತ್ತು ಸಂಘಟಕರಿಗೆ ಈ ಬರಹ. ಟಿಕೆಟ್ ಕಿಟಕಿ, ನೀರು, ಶೌಚಾಲಯ, ವಾಹನ ನಿಲ್ಲಿಸುವ ಜಾಗ ಇವೆಲ್ಲ ಸರಿಯಿರಬೇಕು ನಿಜ, ಆದರೆ ನೋಡಲು ಬಂದವರ ಅನುಭವವನ್ನು ನಿರ್ಧರಿಸುವ ಸಂಗತಿಗಳಲ್ಲಿ ಹೆಚ್ಚಿನವು ಕರೆದೊಯ್ಯುವವರ ಕೈಯಲ್ಲೇ ಇವೆ: ಯಾವ ಹೊತ್ತಿಗೆ ಹೋಗುತ್ತೇವೆ, ಎಷ್ಟು ಜನ ಒಟ್ಟಿಗೆ ಒಳಗೆ ಕಾಲಿಡುತ್ತೇವೆ, ಯಾವಾಗ ಮಾತಾಡುತ್ತೇವೆ, ಯಾವಾಗ ಸುಮ್ಮನಿರುತ್ತೇವೆ. ನಾನು ಒತ್ತಿ ಹೇಳುವ ಸೂತ್ರ ಒಂದೇ. ಹೇಳಬೇಕಾದ್ದನ್ನು ಗುಹೆಯ ಹೊರಗೆ ಹೇಳಿ ಮುಗಿಸಿ. ಒಳಗಿನ ಸಮಯವನ್ನು ನೋಡುವುದಕ್ಕೆ ಬಿಟ್ಟುಕೊಡಿ.

ಊರಿನಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಗುಹಾ ದೇವಾಲಯ ಎಂದರೇನು ಎಂಬುದು ಕಟ್ಟಿದ ದೇವಾಲಯವನ್ನು ಪಕ್ಕದಲ್ಲಿಟ್ಟು ನೋಡಿದಾಗ ಬೇಗ ಅರ್ಥವಾಗುತ್ತದೆ, ಮತ್ತು ಈ ವಿಷಯದಲ್ಲಿ ನಮ್ಮ ಭಾಗದವರು ಭಾಗ್ಯವಂತರು. ಗದಗದವರಿಗೆ ಊರೊಳಗೇ ತ್ರಿಕೂಟೇಶ್ವರ ದೇವಾಲಯವಿದೆ, ಹತ್ತಿರದಲ್ಲಿ ಲಕ್ಕುಂಡಿಯ ಕಾಶಿವಿಶ್ವೇಶ್ವರ ಮತ್ತು ಬ್ರಹ್ಮ ಜಿನಾಲಯಗಳಿವೆ. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ, ಹಾವೇರಿಯವರಿಗೆ ಸಿದ್ಧೇಶ್ವರ ದೇವಾಲಯ ಕೈಗೆಟುಕುವಂತಿವೆ. ಬಾದಾಮಿಗೆ ಹೋಗುವ ವಾರ ಮೊದಲು ಇವುಗಳಲ್ಲಿ ಒಂದಕ್ಕೆ ತಂಡವನ್ನು ಕರೆದೊಯ್ದು, ಕಲ್ಲಿನ ಮೇಲೆ ಕಲ್ಲು ಕೂತಿರುವ ಸಂದುಗಳನ್ನು ಬೆರಳು ಮಾಡಿ ತೋರಿಸಿ. ಬುನಾದಿಯಿಂದ ಶಿಖರದವರೆಗೆ ಕೆಳಗಿನಿಂದ ಮೇಲಕ್ಕೆ ಏರಿದ ಕಟ್ಟಡವದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಕೂತಿರುವುದರಿಂದ ಕಂಬ ನಿಜವಾಗಿಯೂ ಭಾರ ಹೊರುತ್ತದೆ.

ಗುಹೆಯಲ್ಲಿ ಇದೆಲ್ಲ ತಿರುವುಮುರುವು. ಶಿಲ್ಪಿಗಳು ಬಂಡೆಯ ಮುಖದಿಂದ ಒಳಕ್ಕೆ ಸಾಗುತ್ತ, ಮೇಲಿನ ಚಾವಣಿಯಿಂದ ಕೆಳಗಿನ ನೆಲದತ್ತ ಕಡಿಯುತ್ತ ಬಂದರು. ಕಂಬವೆಂದರೆ ಕಡಿಯದೆ ಉಳಿಸಿಕೊಂಡ ಬಂಡೆಯ ಭಾಗ. ಚಾವಣಿಯಲ್ಲಿ ಕಾಣುವ ತೊಲೆಗಳು ಹೆಸರಿಗೆ ಮಾತ್ರ ತೊಲೆಗಳು, ಅವುಗಳ ಮೇಲೆ ಬೇರೆ ಕಲ್ಲಿನ ಭಾರ ಕೂತಿಲ್ಲ. ಕಟ್ಟುವ ಗುಡಿಯಲ್ಲಿ ಒಂದು ಕಲ್ಲು ಕೆಟ್ಟರೆ ಇನ್ನೊಂದನ್ನು ತರಬಹುದು, ಇಲ್ಲಿ ಉಳಿ ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. ಲಕ್ಕುಂಡಿಯಲ್ಲಿ ಬಳಸಿರುವ ಬಳಪದ ಕಲ್ಲಿಗೂ ಬಾದಾಮಿಯ ಕೆಂಪು ಮರಳುಗಲ್ಲಿಗೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಿ. ನುಣುಪಾದ ಬಳಪದ ಕಲ್ಲಿನಲ್ಲಿ ಆಭರಣದ ಸಣ್ಣ ಮಣಿಯನ್ನೂ ಬಿಡಿಸಬಹುದು. ಮರಳುಗಲ್ಲು ಕಾಳುಕಾಳಾದ್ದರಿಂದ ಅಲ್ಲಿಯ ಶಿಲ್ಪಿಗಳು ಮೈಕಟ್ಟು, ನಿಲುವು, ಚಲನೆಗಳ ಮೇಲೆ ಗಮನವಿಟ್ಟರು. ಇಷ್ಟು ತಿಳಿದು ಹೋದ ಎಂಟನೆಯ ತರಗತಿಯ ಹುಡುಗಿ ಮೇಣಬಸದಿಯಲ್ಲಿ ತಾನಾಗಿಯೇ ಕಂಬಗಳಲ್ಲಿ ಸಂದು ಹುಡುಕಲು ತೊಡಗುತ್ತಾಳೆ, ಸಂದು ಸಿಗದಿದ್ದಾಗ ಅವಳಿಗಾಗುವ ಬೆರಗನ್ನು ಯಾವ ವಿವರಣೆಯೂ ಕೊಡಲಾರದು.

ಇತಿಹಾಸ ಹೇಳುವಾಗ ರಾಜರ ವಂಶಾವಳಿಯನ್ನೆಲ್ಲ ಒಪ್ಪಿಸುವ ಅಗತ್ಯವಿಲ್ಲ. ಮೂರು ನೆಲೆಗಳು ಸಾಕು. ಚಾಲುಕ್ಯ ರಾಜ ಮೊದಲನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ ವಾತಾಪಿಯ, ಅಂದರೆ ಇಂದಿನ ಬಾದಾಮಿಯ, ಬೆಟ್ಟವನ್ನು ಕೋಟೆಯಾಗಿ ಮಾಡಿದ್ದನ್ನು ಅಲ್ಲಿಯ ಬಂಡೆಯ ಶಾಸನವೇ ಹೇಳುತ್ತದೆ. ಮೂರನೆಯ ಗುಹೆಯಲ್ಲಿ ಅವನ ಮಗ ಮಂಗಳೇಶನ ಸಂಸ್ಕೃತ ಶಾಸನವಿದ್ದು, ಅದರಲ್ಲಿ ಶಕ 500ರ ಕಾರ್ತಿಕ ಹುಣ್ಣಿಮೆಯ ಉಲ್ಲೇಖವಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತ ಶಕ ಸಿಗುತ್ತದೆಂದು ಹೇಳಿ ಮಕ್ಕಳಿಂದಲೇ 578ನ್ನು ಲೆಕ್ಕ ಹಾಕಿಸಿ. ನಾಲ್ಕು ಗುಹೆಗಳಲ್ಲಿ ಹೀಗೆ ಖಚಿತವಾದ ಕಾಲ ಸಿಗುವುದು ಇದೊಂದಕ್ಕೆ, ಉಳಿದವುಗಳ ಕಾಲವನ್ನು ಶೈಲಿಯ ಹೋಲಿಕೆಯಿಂದ ಊಹಿಸುತ್ತಾರೆ. ಅದೇ ಗುಹೆಯ ಬಳಿ ಮಂಗಳೇಶನ ಕನ್ನಡ ಶಾಸನವೂ ಇದೆ: ಈ ಕಲ್ಮನೆಗೆ, ಅಂದರೆ ಗುಹಾ ದೇವಾಲಯಕ್ಕೆ, ಲಂಜಿಗೇಸರವೆಂಬ ಊರನ್ನು ಕೊಟ್ಟದ್ದನ್ನು, ದೇವರಿಗೆ ಹೂ ಕಟ್ಟುವ ಮಾಲಾಕಾರರಿಗೂ ಅದರಲ್ಲಿ ಪಾಲಿಟ್ಟದ್ದನ್ನು ಅದು ದಾಖಲಿಸುತ್ತದೆ. ರಾಜನ ದಾನದಲ್ಲಿ ಹೂಗಾರರ ಪಾಲು ಎಂದಾಗ, ಕೇಳುವವರ ಮನಸ್ಸಿಗೆ ಹದಿನಾಲ್ಕು ಶತಮಾನದ ದೂರ ತಟ್ಟನೆ ಕಡಿಮೆಯಾಗುತ್ತದೆ. ಧಾರವಾಡದ ತಂಡಗಳು ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಪೀಠದ ವಸ್ತುಸಂಗ್ರಹಾಲಯದಲ್ಲಿ ಶಾಸನದ ಕಲ್ಲುಗಳನ್ನು ಮೊದಲೇ ನೋಡಿ ಹೋದರೆ ಇನ್ನೂ ಒಳ್ಳೆಯದು.

ದಿನ ಮತ್ತು ಹೊತ್ತು

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತಕರ. ಏಪ್ರಿಲ್, ಮೇ ತಿಂಗಳಿನಲ್ಲಿ ಬಂಡೆ ಕಾಯುತ್ತದೆ. ಪಾದರಕ್ಷೆ ಕಳಚಿ ನಡೆಯುವ ಕಡೆ ಕಾಲು ಸುಡುವುದರಿಂದ ಜನ ಓಡುತ್ತ ಒಳಹೊಕ್ಕು ಓಡುತ್ತ ಹೊರಬೀಳುತ್ತಾರೆ. ಬನದ ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಬನಶಂಕರಿ ಜಾತ್ರೆಗೆಂದು ಬಂದ ಜನಸಾಗರವೇ ಗುಹೆಗಳಿಗೂ ಹರಿಯುತ್ತದೆ. ಜಾತ್ರೆ ಮತ್ತು ನಾಟಕ ನೋಡಲು ಆ ಕಾಲ ಸರಿ, ಶಿಲ್ಪ ನೋಡಲು ಅಲ್ಲ. ಶುಕ್ರವಾರ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಜೆ ಇರುವುದರಿಂದ ಆ ದಿನವನ್ನೂ ಬಿಡಿ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಡುವುದು ಎಲ್ಲಕ್ಕಿಂತ ದೊಡ್ಡ ಸುಧಾರಣೆ, ಇದಕ್ಕೆ ಖರ್ಚೂ ಇಲ್ಲ. ರೈಲಿನಲ್ಲಿ ಹೋಗುವವರು ಹುಬ್ಬಳ್ಳಿ, ಗದಗ, ಹೊಳೆಆಲೂರು ಹಾದು ಹೋಗುವ ಮಾರ್ಗದಲ್ಲಿ ಬಾದಾಮಿ ನಿಲ್ದಾಣದಲ್ಲಿ ಇಳಿಯಬೇಕು. ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿರುವುದರಿಂದ ಟಂಟಂ ಅಥವಾ ಬಸ್ಸಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ. ಗುಹೆಗಳಿಗೆ ಕನಿಷ್ಠ ಎರಡೂವರೆ ತಾಸು ಇಡಿ. ಒಂದೇ ದಿನವಿದ್ದರೆ ಬಾದಾಮಿಯೊಂದೇ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ: ಬೆಳಿಗ್ಗೆ ಗುಹೆಗಳು, ಮಧ್ಯಾಹ್ನ ಬನಶಂಕರಿಯಲ್ಲಿ ರೊಟ್ಟಿ-ಪಲ್ಯದ ಊಟ, ಇಳಿಹೊತ್ತಿಗೆ ಅಗಸ್ತ್ಯ ತೀರ್ಥ ಕೆರೆಯ ದಂಡೆ ಮತ್ತು ಭೂತನಾಥ ದೇವಾಲಯ. ಎರಡನೆಯ ದಿನ ಸಿಕ್ಕರೆ ಐಹೊಳೆಯ ರಾವಣಫಡಿ ಗುಹೆಗೆ ಹೋಗಿ, ಅಲ್ಲಿ ಸಪ್ತಮಾತೃಕೆಯರ ಜೊತೆ ಕುಣಿಯುವ ಶಿವನನ್ನು ಬಾದಾಮಿಯ ನಟರಾಜನೊಂದಿಗೆ ಹೋಲಿಸಿ ನೋಡಲು ಹೇಳಿ.

ಒಳಗೆ ಹೋಗುವ ಕ್ರಮ

ತಂಡವನ್ನು ಹದಿನೈದು ಇಪ್ಪತ್ತು ಜನರ ಗುಂಪುಗಳಾಗಿ ಒಡೆಯಿರಿ. ಎಲ್ಲರೂ ಒಂದನೆಯ ಗುಹೆಯಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ; ಒಂದು ಗುಂಪು ಕೆಳಗಿನಿಂದ ಮೇಲಕ್ಕೆ, ಇನ್ನೊಂದು ನೇರ ನಾಲ್ಕನೆಯ ಗುಹೆಗೆ ಹೋಗಿ ಅಲ್ಲಿಂದ ಕೆಳಕ್ಕೆ ಬರಲಿ. ಪ್ರತಿ ಗುಂಪಿಗೆ ಒಬ್ಬ ಹಿರಿಯರು ಮುಂದೆ, ಒಬ್ಬರು ಹಿಂದೆ ಇರಲಿ. ಅಜಂತಾದಲ್ಲಿ ಚಿತ್ರಗಳಿರುವ ಮುಖ್ಯ ಗುಹೆಗಳಿಗೆ ಒಮ್ಮೆಗೆ 40 ಜನರನ್ನಷ್ಟೇ ಬಿಡುವ ಕ್ರಮವಿದೆ. ಬಾದಾಮಿಯ ಗುಹೆಗಳು ಅದಕ್ಕಿಂತ ಚಿಕ್ಕವು, ಆದ್ದರಿಂದ ನಾವೇ ನಮಗೆ ಮಿತಿ ಹಾಕಿಕೊಳ್ಳುವುದು ಲೇಸು.

ಗುಹೆಯ ಮುಂದಿನ ಬಯಲಿನಲ್ಲಿ ಐದು ನಿಮಿಷ ಮಾತು. ಮುಖಮಂಟಪ, ಅದರ ಹಿಂದೆ ಸಭಾಮಂಟಪ, ಅದರಾಚೆ ಗರ್ಭಗೃಹ ಎಂಬ ವಿನ್ಯಾಸ ನಾಲ್ಕೂ ಕಡೆ ಒಂದೇ ಆದ್ದರಿಂದ ಒಮ್ಮೆ ಹೇಳಿದರೆ ಸಾಕು. ಒಳಗೆ ಕಾಲಿಟ್ಟ ಮೇಲೆ ಮೊದಲ ಕೆಲವು ನಿಮಿಷ ಯಾರೂ ಮಾತಾಡಬಾರದು, ಯಾರೂ ಮೊಬೈಲಿನ ಬೆಳಕು ಹಚ್ಚಬಾರದು. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು, ಪೂರ್ತಿಯಾಗಿ ಹೊಂದಿಕೊಳ್ಳಲು ಅದಕ್ಕೂ ಹೆಚ್ಚು. ನಡುವೆ ಒಬ್ಬರು ಟಾರ್ಚ್ ಹಚ್ಚಿದರೆ ಎಲ್ಲರ ಕಣ್ಣೂ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಬಾದಾಮಿಯ ಗುಹೆಗಳು ಉತ್ತರದ ಕಡೆಗೆ ಮುಖ ಮಾಡಿರುವುದರಿಂದ ಹೊರಗಿನ ಬೆಳಕು ನೇರವಾಗಿ ಹೊಡೆಯದೆ ಮೆತ್ತಗೆ ಒಳಬರುತ್ತದೆ, ಆ ಬೆಳಕಿಗೆ ಕಣ್ಣು ಒಗ್ಗಿದ ಮೇಲೆ ಒಳಗಿನ ಮೂರ್ತಿಗಳು ಒಂದೊಂದಾಗಿ ಕಾಣತೊಡಗುತ್ತವೆ.

ಅನಂತರವೂ ಬೆಳಕು ಬೇಕೆನಿಸಿದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ, ಗುಂಪಿಗೆ ಒಂದೇ ಚಿಕ್ಕ ಟಾರ್ಚ್ ಬಳಸಿ, ಅದನ್ನು ಮೂರ್ತಿಯ ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನ ಬೆಳಕು ಉಬ್ಬು ತಗ್ಗುಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುತ್ತದೆ. ಓರೆಯ ಬೆಳಕು ಪ್ರತಿ ತಗ್ಗಿನಲ್ಲೂ ನೆರಳು ಬೀಳಿಸುತ್ತದೆ. ಇದನ್ನು ಪರೀಕ್ಷಿಸಲು ಒಂದನೆಯ ಗುಹೆಯ ಅರ್ಧನಾರೀಶ್ವರ ತಕ್ಕ ಮೂರ್ತಿ. ಪಕ್ಕದಲ್ಲಿ ಶಿವಭಕ್ತ ಭೃಂಗಿ ಎಲುಬಿನ ಹಂದರದಂತೆ ನಿಂತಿದ್ದಾನೆ. ಬೆಳಕು ಎದುರಿಗಿದ್ದಾಗ ಅವನು ಬರೀ ತೆಳ್ಳನೆಯ ಆಕೃತಿ, ಬೆಳಕನ್ನು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತ ಬಂದಂತೆ ಪಕ್ಕೆಲುಬುಗಳ ನಡುವೆ ಗೆರೆಗೆರೆಯಾಗಿ ನೆರಳು ಏಳುತ್ತದೆ. ತಂಡದವರು ತಾವೇ ಬೆಳಕಿನ ಕೋನ ಬದಲಿಸಿ ನೋಡಲಿ. ಮೂರನೆಯ ಗುಹೆಯಲ್ಲಿ ಹಳೆಯ ಬಣ್ಣದ ಚಿತ್ರಗಳ ಕುರುಹು ಉಳಿದಿರುವ ಭಾಗದ ಕಡೆಗೆ ಮಾತ್ರ ಟಾರ್ಚ್ ಹಾಯಿಸಬೇಡಿ, ಫ್ಲ್ಯಾಶ್ ಎಲ್ಲಿಯೂ ಬೇಡ.

ಚಾವಣಿ ನೋಡಲು ಒಂದು ಸುಲಭ ಉಪಾಯವಿದೆ. ಅಂಗೈ ಅಗಲದ ಕನ್ನಡಿಯೊಂದನ್ನು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಹಿಡಿದುಕೊಂಡರೆ ಒಂದನೆಯ ಗುಹೆಯ ಚಾವಣಿಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜ ಕುತ್ತಿಗೆ ನೋಯದಂತೆ ಕನ್ನಡಿಯೊಳಗೇ ಕಾಣುತ್ತಾನೆ. ವಯಸ್ಸಾದವರಿಗೆ ಇದು ತುಂಬ ಅನುಕೂಲ.

ವಿವರಿಸುವುದಕ್ಕಿಂತ ಕೇಳುವುದು ಒಳ್ಳೆಯದು

ಮೂರ್ತಿಯ ಮುಂದೆ ನಿಂತು ಹೆಸರು, ಕೈಯಲ್ಲಿರುವ ಆಯುಧ, ಪುರಾಣದ ಕಥೆ ಎಂದು ಸಾಲಾಗಿ ಹೇಳುತ್ತ ಹೋದರೆ ಕೇಳುಗರ ಕಣ್ಣು ಹೇಳುವವರ ಮುಖದ ಮೇಲಿರುತ್ತದೆ. ಒಂದು ಪ್ರಶ್ನೆ ಕೇಳಿದರೆ ಅದೇ ಕಣ್ಣು ಕಲ್ಲಿನ ಕಡೆಗೆ ತಿರುಗುತ್ತದೆ. ಒಂದನೆಯ ಗುಹೆಯ ಹೊರಗೆ ಬಲಕ್ಕಿರುವ ನಟರಾಜನಿಗೆ 18 ಕೈಗಳು. ಬಲಗಡೆಯ 9ರಲ್ಲಿ ಒಂದನ್ನೂ ಎಡಗಡೆಯ 9ರಲ್ಲಿ ಒಂದನ್ನೂ ಸೇರಿಸಿ ಉಳಿದವನ್ನು ಮರೆಮಾಡಿದರೆ ಒಂದು ನೃತ್ಯಭಂಗಿ ಸಿಗುತ್ತದೆ. ಹಾಗಾದರೆ ಒಟ್ಟು ಎಷ್ಟು ಭಂಗಿ ಎಂದು ಕೇಳಿ. 81 ಎಂಬ ಉತ್ತರ ಮಗ್ಗಿಯಿಂದ ಬರುತ್ತದೆ, ಆದರೆ ನಿಜವಾಗಿ ಜೋಡಿ ಹುಡುಕಲು ಹೊರಟವರು ಆ ಮೂರ್ತಿಯನ್ನು ಕಾಲು ತಾಸು ಬಿಟ್ಟು ಕದಲುವುದಿಲ್ಲ. ಭರತನಾಟ್ಯ ಕಲಿಯುವ ಮಕ್ಕಳಿದ್ದರೆ ಒಂದೆರಡು ಜೋಡಿಯನ್ನು ಅಲ್ಲೇ ಮಾಡಿ ತೋರಿಸಲಿ. ಜೊತೆಗಿರುವ ಗಣಪತಿಯನ್ನೂ ವಾದ್ಯ ನುಡಿಸುವವನನ್ನೂ ಆಮೇಲೆ ಅವರೇ ಗುರುತಿಸುತ್ತಾರೆ.

ಅದೇ ಗುಹೆಯ ದ್ವಾರಪಾಲಕನ ಕೆಳಗೆ ಎತ್ತು ಮತ್ತು ಆನೆ ಒಂದೇ ತಲೆಯನ್ನು ಹಂಚಿಕೊಂಡ ವೃಷಭಕುಂಜರವಿದೆ. ನಿಮ್ಮ ಅಂಗೈಯನ್ನು ಕಣ್ಣಿನ ಮುಂದೆ ಹಿಡಿದು ಒಂದು ಮೈಯನ್ನು ಮರೆಮಾಡಿದರೆ ಎತ್ತು, ಇನ್ನೊಂದನ್ನು ಮರೆಮಾಡಿದರೆ ಆನೆ. ಅಂಗೈ ಕಣ್ಣಿನ ಹತ್ತಿರವೇ ಇರಬೇಕು, ಕಲ್ಲಿನ ಮೇಲಲ್ಲ. ಎರಡನೆಯ ಗುಹೆಯ ತ್ರಿವಿಕ್ರಮ ಮತ್ತು ವರಾಹ ಮೂರನೆಯದರಲ್ಲಿಯೂ ಇರುವುದರಿಂದ ಅಲ್ಲಿಗೆ ಹೋದಾಗ ಏನು ಬದಲಾಗಿದೆ ಎಂದು ಕೇಳುವುದೇ ಸಾಕಾದ ಪಾಠ. ಮೂರನೆಯ ಗುಹೆಯೇ ಎಲ್ಲಕ್ಕಿಂತ ದೊಡ್ಡದು. ಅನಂತನ ಸುರುಳಿಯ ಮೇಲೆ ಕೂತ ವಿಷ್ಣು, ನಿಂತ ನರಸಿಂಹ, ಹರಿಹರ, ಕಂಬಗಳ ಚಾಚುಗಳಲ್ಲಿರುವ ದಂಪತಿಗಳು ಇವೆಲ್ಲಕ್ಕೆ ಇಲ್ಲಿಯೇ ಒಂದು ತಾಸು ಬೇಕು. ನಾಲ್ಕನೆಯ ಜೈನ ಗುಹೆ ಚಿಕ್ಕದೆಂದು ಬಿಟ್ಟು ಇಳಿಯುವವರಿದ್ದಾರೆ, ಅದು ದೊಡ್ಡ ನಷ್ಟ. ಪಾರ್ಶ್ವನಾಥ ಮತ್ತು ಬಳ್ಳಿ ಸುತ್ತಿದ ಬಾಹುಬಲಿಯ ನಿಶ್ಚಲ ನಿಲುವನ್ನು, ಕೆಳಗೆ ಕುಣಿಯುತ್ತಿದ್ದ ಶಿವನನ್ನು ನೋಡಿ ಬಂದ ಅದೇ ಬೆಳಿಗ್ಗೆ ನೋಡಬೇಕು.

ಸ್ಥಳೀಯ ಮಾರ್ಗದರ್ಶಕರನ್ನು ಕರೆದುಕೊಳ್ಳುವುದಾದರೆ ಗುರುತಿನ ಚೀಟಿ ಇರುವವರನ್ನು ಕೇಳಿಕೊಂಡು, ದರ ಮತ್ತು ಸಮಯವನ್ನು ಕೆಳಗೇ ಮಾತಾಡಿ ಮುಗಿಸಿ. ಹೊರಗೆ ವಿವರ, ಒಳಗೆ ಮೌನ ಎಂಬ ನಿಮ್ಮ ಕ್ರಮವನ್ನು ಅವರಿಗೂ ಹೇಳಿ. ಪಳಗಿದವರಾದರೆ ಸಂತೋಷದಿಂದ ಒಪ್ಪುತ್ತಾರೆ.

ಕಲ್ಲನ್ನು ಏಕೆ ಮುಟ್ಟಬಾರದು

‘ಮುಟ್ಟಬೇಡಿ’ ಎಂಬ ಫಲಕದಿಂದ ಆಗದ ಕೆಲಸ ಕಾರಣ ಹೇಳಿದಾಗ ಆಗುತ್ತದೆ. ಮರಳುಗಲ್ಲಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕೈಯ ಬೆವರು ಮತ್ತು ಎಣ್ಣೆ ಅದರೊಳಗೆ ಇಳಿದು, ಧೂಳನ್ನು ಹಿಡಿದು, ಕಪ್ಪಾಗುತ್ತದೆ. ಸಾವಿರಾರು ಕೈ ತಾಗಿದ ಕಡೆ ಉಬ್ಬುಗಳು ಸವೆಯುತ್ತವೆ. ಮುಚ್ಚಿದ ಜಾಗದಲ್ಲಿ ಉಸಿರಿನ ತೇವವೂ ಹಾನಿ ಮಾಡಬಲ್ಲದು: ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದು, ಪ್ರವಾಸಿಗರ ಉಸಿರಿನಿಂದ ಅಲ್ಲಿಯ ಆದಿಮಾನವರ ಚಿತ್ರಗಳು ಕೆಡತೊಡಗಿದ್ದರಿಂದ 1963ರಲ್ಲಿ ಮುಚ್ಚಬೇಕಾಯಿತು. ಹೆಸರು ಕೆತ್ತುವುದು ಅಪರಾಧವೆಂದೂ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಅದಕ್ಕೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದೆಂದೂ ಕಾಲೇಜಿನ ತಂಡಗಳಿಗೆ ಸ್ಪಷ್ಟವಾಗಿ ತಿಳಿಸಿ.

ಮಂಗಗಳ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಬುತ್ತಿ, ಬಾಳೆಹಣ್ಣು, ಪ್ಲಾಸ್ಟಿಕ್ ಚೀಲಗಳನ್ನು ಬಸ್ಸಿನಲ್ಲೇ ಬಿಡಿ, ನೀರಿನ ಬಾಟಲಿಯನ್ನು ಮುಚ್ಚಿದ ಚೀಲದೊಳಗಿಡಿ, ಯಾವ ಕಾರಣಕ್ಕೂ ತಿನ್ನಲು ಕೊಡಬೇಡಿ.

ಮೆಟ್ಟಿಲು ಹತ್ತಲಾರದವರು

ನಾಲ್ಕನೆಯ ಗುಹೆಯವರೆಗೆ ಸುಮಾರು 200 ಮೆಟ್ಟಿಲುಗಳಿವೆ. ಮೊಣಕಾಲು ನೋವಿನವರಿಗೆ ಇದನ್ನು ಊರಿನಲ್ಲೇ ಹೇಳದೆ ಅಲ್ಲಿ ಹೋದ ಮೇಲೆ ‘ನೀವು ಕೆಳಗೇ ಕೂತಿರಿ’ ಎನ್ನುವುದು ಅವರ ಮನಸ್ಸಿಗೆ ನೋವುಂಟುಮಾಡುತ್ತದೆ. ಒಂದನೆಯ ಗುಹೆಗೆ ಮೆಟ್ಟಿಲು ಕಡಿಮೆ. ನಟರಾಜ, ಹರಿಹರ, ಅರ್ಧನಾರೀಶ್ವರ, ನಾಗರಾಜ ಎಲ್ಲ ಅಲ್ಲಿಯೇ ಇರುವುದರಿಂದ ಅದೊಂದನ್ನು ನಿಧಾನವಾಗಿ ನೋಡಿದರೂ ಬಂದದ್ದು ಸಾರ್ಥಕ. ಅದೂ ಆಗದವರಿಗೆ ಕೆರೆಯ ಆಚೆ ದಂಡೆಯ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯಂತಹ ಅಪರೂಪದ ಶಿಲ್ಪಗಳನ್ನು ಕೂತು ನಿಂತು ನೋಡಲು ಅವಕಾಶವಿದೆ. ಅವರ ಜೊತೆಗೆ ವಿಷಯ ಬಲ್ಲ ಒಬ್ಬರು ಇರಲೇಬೇಕು.

ದೃಷ್ಟಿ ಇಲ್ಲದವರು ತಂಡದಲ್ಲಿದ್ದರೆ, ನಟರಾಜನ ಫಲಕವನ್ನು ಹೋಲುವ ಮಣ್ಣಿನ ಉಬ್ಬುಶಿಲ್ಪವನ್ನು ಚಿತ್ರಕಲಾ ಶಿಕ್ಷಕರಿಂದ ಮುಂಚಿತವಾಗಿ ಮಾಡಿಸಿಕೊಂಡು ಹೋಗಿ. ಮೂಲದ ಮುಂದೆ ನಿಂತು ಪ್ರತಿಕೃತಿಯನ್ನು ಬೆರಳಿನಿಂದ ತಡವುತ್ತ, ಪಕ್ಕದವರು ಹೇಳುವುದನ್ನು ಕೇಳುವಾಗ ಅವರಿಗೆ ದಕ್ಕುವಷ್ಟು ವಿವರ ಅವಸರದಲ್ಲಿ ನೋಡಿ ಹೋಗುವ ಕಣ್ಣಿಗೂ ದಕ್ಕುವುದಿಲ್ಲ.

ಮರಳಿದ ಮೇಲೆ

ಈ ಸ್ಮಾರಕಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಲಯ ಕಚೇರಿ ನಮ್ಮ ಧಾರವಾಡದಲ್ಲೇ ಇದೆ. ಆದ್ದರಿಂದ ಸಲಹೆ ತಲುಪಿಸುವುದು ನಮಗೆ ಸುಲಭ. ‘ವ್ಯವಸ್ಥೆ ಸರಿಯಿಲ್ಲ’ ಎಂಬಂತಹ ಪತ್ರದಿಂದ ಯಾರಿಗೂ ಉಪಯೋಗವಿಲ್ಲ. ಯಾವ ಗುಹೆಯ ಯಾವ ಫಲಕದ ಕನ್ನಡ ಅಕ್ಷರ ಮಾಸಿದೆ, ಎಲ್ಲಿ ಮೆಟ್ಟಿಲಿನ ಅಂಚು ಒಡೆದಿದೆ, ಎಲ್ಲಿ ಕೈಹಿಡಿ ಕಂಬಿ ಬೇಕು, ಹಿರಿಯರು ನಡುವೆ ಕೂರಲು ನೆರಳು ಎಲ್ಲಿ ಸಾಧ್ಯ ಎಂಬುದನ್ನು ದಿನಾಂಕ ಮತ್ತು ಫೋಟೋ ಸಹಿತ ಒಂದು ಪುಟದಲ್ಲಿ ಬರೆಯಿರಿ. ಪತ್ರವನ್ನು ಮಕ್ಕಳೇ ಬರೆದು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕಳಿಸಲಿ, ಒಂದು ಪ್ರತಿ ಶಾಲೆಯ ಕಡತದಲ್ಲಿರಲಿ. ಮುಂದಿನ ವರ್ಷ ಹೋಗುವ ತಂಡ ಅದನ್ನು ಜೊತೆಗೆ ಒಯ್ದು, ಏನು ಸರಿಯಾಗಿದೆ, ಏನು ಉಳಿದಿದೆ ಎಂದು ಗುರುತು ಹಾಕಿಕೊಂಡು ಬರಬಹುದು.